ಮದುವಿ ಮುಂಚಿನ ಗೆರಿ, ಮದುವಿ ಆದಮ್ಯಾಲಿನ ಗೆರಿ

ಆ ಭಾನುವಾರ ಶಹಾಪುರದ ನಮ್ಮಣ್ಣನ ಮನೆಯ ಪಡಸಾಲೆಯಲ್ಲಿ ಇದ್ದವರು ಇಷ್ಟು ಮಂದಿ: ಅಣ್ಣ, ಬಾಗಿಲಿಗೆ ಒರಗಿ ನಿಂತ ಅವನ ಹೆಂಡತಿ (ನನಗೆ ವೈನಿ), ರಂಗಂಪೇಟೆಯಿಂದ ಬಸ್ಸಿನಲ್ಲಿ ಬಂದ ನಾನು. ಎದುರಿಗೆ, ಹುಣಸಗಿಯಿಂದ ಕನ್ಯಾ ನೋಡಲು ಬಂದ ಹುಡುಗ, ಅವನ ಅಪ್ಪ, ಅವ್ವ, ಸೋದರಮಾವ. ನಡುವೆ ತಟ್ಟೆಗಳಲ್ಲಿ ಚುರುಮುರಿ ಸುಸಲಾ ಮತ್ತು ಮಿರ್ಚಿ ಭಜಿ.

ಕನ್ಯೆ ಅಣ್ಣನ ಎರಡನೇ ಮಗಳು ಭಾಗ್ಯ. ಬಿ.ಎಸ್ಸಿ. ಕೊನೆಯ ವರ್ಷ. ಅವರು ಬರುವ ಮೊದಲು ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದು ಹೇಳಿದ್ದಳು: "ಕಾಕಾ, ಹುಡುಗ ಕರ‍್ರಗಿರ್ಲಿ, ಕೆಂಪಗಿರ್ಲಿ. ನಾ ಎಂ.ಎಸ್ಸಿ. ಮಾಡಬೇಕು. ಅಷ್ಟು ಕೇಳು."

ಕೇಳಿದೆ. ಹುಡುಗನ ಅಪ್ಪ ಭಜಿ ಮುರಿಯುತ್ತಾ, "ಓದ್ಲಿ ತಗೀರಿ! ಮದುವಿ ಆದಮ್ಯಾಲೆ ಎಷ್ಟರ ಓದ್ಲಿ. ನಾವೇನು ಬ್ಯಾಡಂತೀವೇನು?" ಅಂದರು. ಅಣ್ಣನ ಮುಖ ಅರಳಿತು. ವೈನಿ ಇನ್ನೆರಡು ಭಜಿ ಹಾಕಿದರು.

(ಈ ಮಾತನ್ನು ನೀವೂ ಕೇಳಿದ್ದೀರಿ. ಆಡಿಯೂ ಇದ್ದೀರಿ ಅಂತ ನನ್ನ ಗುಮಾನಿ.)

ಆಮೇಲೆ ಸೋದರಮಾವನ ಸರದಿ. ಅವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಹಿಂದೆ ನಮ್ಮ ಹಿರಿಯರು ಕನ್ಯೆಯ ಕೈಗೆ ಸೂಜಿ-ದಾರ ಕೊಟ್ಟು ಪೋಣಿಸಲು ಹೇಳುತ್ತಿದ್ದರು, ಕಣ್ಣು ನೆಟ್ಟಗಿವೆಯೇ ಎಂದು ನೋಡಲು. ಈಗ ಕಾಲ ಸುಧಾರಿಸಿದೆಯಲ್ಲ? ಮಾಸ್ತರರು ಚಹಾ ಗುಟುಕರಿಸಿ, "ಪೀಸ್‌ವೈಸ್ ಫಂಕ್ಷನ್ ಅಂದ್ರೇನವಾ? ಒಂದು ಉದಾಹರಣಿ ಕೊಡು ನೋಡೋಣು" ಅಂದರು.

ಭಾಗ್ಯ ಮೊಬೈಲ್ ತಂದಳು. ಅದರಲ್ಲೊಂದು ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್. ಸಮೀಕರಣ ಒತ್ತಿದರೆ ಗೆರೆ ತಾನೇ ಬರುತ್ತದೆ.

"ಫಂಕ್ಷನ್ ಒಂದೇ ರಿ, ಆದ್ರ ಜಾಗಾಕ್ಕೊಂದು ರೂಲ್. ಇದು ನಮ್ಮ ಸುಮಕ್ಕಂದು. ಅಡ್ಡ ಗೆರಿ ಅಂದ್ರ ವರ್ಷ. ಸೊನ್ನಿ ಇದ್ದಲ್ಲಿ ಮದುವಿ. ಎತ್ತರ ಅಂದ್ರ ದಿನಾ ಎಷ್ಟು ತಾಸು ಓದ್ತಾಳ ಅಂತ."

ಸುಮಾ ಅಣ್ಣನ ಹಿರಿಯ ಮಗಳು. 'ಆಮ್ಯಾಲೂ ಓದ್ಲಿ' ಅಂದವರ ಮನೆಗೇ, ಯಾದಗಿರಿಗೆ ಹೋದವಳು. ಡಿಗ್ರಿ ನಡುವಿನಲ್ಲೇ ನಿಂತಿತು.

ಭಾಗ್ಯ y = 4 ಅಂತ ಒತ್ತಿದಳು. ಕೆಳಗೆ y = 0. ಎರಡೂ ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಓಡಿದವು. ಹುಡುಗನ ಅಪ್ಪನಿಗೆ ಖುಷಿ. "ನೋಡ್ರಿ, ಮ್ಯಾಲಿನ ಗೆರಿ ಮದುವಿ ದಾಟಿ ಸೀದಾ ಹೊಂಟದ!"

"ಇನ್ನಾ ಷರತ್ತ ಹಾಕಿಲ್ರಿ."

ಒಂದೊಂದು ಸಾಲಿನ ಮುಂದೆ ಬ್ರ್ಯಾಕೆಟ್ ಹಾಕಿ ಷರತ್ತು ಬರೆದಳು. ಮೊದಲನೆಯದು ಸೊನ್ನೆಗಿಂತ ಹಿಂದೆ ಮಾತ್ರ. ಎರಡನೆಯದು ಸೊನ್ನೆಯಿಂದ ಮುಂದೆ. ಮೇಲಿನ ಗೆರೆ ಮದುವೆಯ ದಿನಕ್ಕೆ ಟಕ್ಕನೆ ಕಡಿಯಿತು.

"ಆಮ್ಯಾಲಿಂದು ಎಲ್ಲದವಾ?" ಅಂದರು ಹುಡುಗನ ಅಪ್ಪ.

"ಕೆಳಗ ಅದ ನೋಡ್ರಿ. ನೆಲಾ ಹಿಡದು ಮಕ್ಕೊಂಡದ."

ಅಣ್ಣ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ.

ಹೇಳಿ, ನಮ್ಮ ಯಾವ ಮಾತು ಇದಕ್ಕಿಂತ ಬೇರೆ? ಮಂತ್ರಿಯ ಕಾರು ಬರುವ ತನಕ ರೋಡಿಗೆ ನೀರು ಹೊಡೆಯುತ್ತಾರೆ, ಕಾರು ದಾಟಿದ ಮೇಲೆ ಧೂಳು ನಮ್ಮ ಪಾಲು. ವೋಟಿನ ಹಿಂದಿನ ಸಂಜೆವರೆಗೆ 'ಬರ್ರಿ ಅಣ್ಣಾರ', ಮರುದಿನ 'ಯಾರಪಾ ನೀನು?' ಯಾರೂ ಸುಳ್ಳು ಹೇಳುವುದಿಲ್ಲ. ಮಾತು ಕೊಡುವಾಗ ಬ್ರ್ಯಾಕೆಟ್ ಹಾಕಲು ಮರೆಯುತ್ತಾರೆ, ಅಷ್ಟೆ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. ಗಣಿತದಲ್ಲಿ ತಪ್ಪು ಹುಡುಕಲೇಬೇಕಲ್ಲ? "ಕಡದ ಜಾಗಾಕ ಖಾಲಿ ಗುಂಡು ಎಲ್ಲದ? ಮಾರ್ಕ್ಸ್ ಹೋತು!"

"ಅದನ್ನ ಕ್ಯಾಲ್ಕುಲೇಟರ್ ತಾನಾಗೇ ಹಾಕಂಗಿಲ್ರಿ ಸರ್. ನಾವೇ ಇಡಬೇಕು." ಗೆರೆಯ ತುದಿಗೆ ಒಂದು ಪುಟ್ಟ ಖಾಲಿ ವೃತ್ತ ಇಟ್ಟಳು.

ಅಲ್ಲಿಯವರೆಗೆ ಸೆರಗು ಹೊದ್ದು ಸುಮ್ಮನೆ ಕೂತಿದ್ದ ಹುಡುಗನ ಅವ್ವ ಆಗ ಬಾಯಿ ಬಿಟ್ಟರು. "ಆ ಖಾಲಿ ಗುಂಡು ಯಾಕವಾ ತಂಗಿ?"

"ಮದುವಿ ದಿನ ಮ್ಯಾಲಿನ ಗೆರಿಗೆ ಸೇರಂಗಿಲ್ಲಂತ ಹೇಳಾಕ್ರಿ. ಅವತ್ತಿಂದಲೇ ಕೆಳಗಿನ ರೂಲ್ ಶುರು."

ಆಕೆ ಮೊಬೈಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ನಂದು ಪಿಯುಸಿ ಪರೀಕ್ಷಾ ಇತ್ತು. ನಿಮ್ಮಪ್ಪಾರೂ 'ಓದ್ಲಿ ತಗೀರಿ' ಅಂದಿದ್ರು" ಅಂದರು.

"ಏ, ಈಗ್ಯಾಕ ಆ ಮಾತು?" ಅಂದ ಯಜಮಾನರು ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ಇಟ್ಟರು.

'ಫೋನ್ ಮಾಡಿ ತಿಳಸ್ತೀವ್ರಿ' ಎಂದು ಎದ್ದರು. ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕೇ? ಅವರ ಜೀಪು ಓಣಿ ದಾಟುವುದೇ ತಡ, ಅಣ್ಣ ಗುಡುಗಿದ. "ಕನ್ಯಾ ನೋಡಾಕ ಬಂದವರಿಗೆ ಮನಿ ಮರ್ಯಾದಿ ಗ್ರಾಫ್ ಹಾಕಿ ತೋರಸ್ತಾರೇನು?"

"ಅವರೇ ಕೇಳಿದ್ರಲ್ಲಪಾ, ಉದಾಹರಣಿ!"

ವಾರ ಕಳೆದ ಮೇಲೆ ಫೋನ್ ಬಂತು. ಮಾತಾಡಿದ್ದು ಹುಡುಗನ ಅವ್ವ, ಅದೂ ವೈನಿಯ ಜೊತೆ. "ಹುಡುಗಿ ನಮಗ ಪಸಂದ ಬಂದಾಳ್ರಿ. ಆದ್ರ ಆದಮ್ಯಾಲೆ ಓದಸ್ತೀವಿ ಅಂತ ನಾ ಅನ್ನಂಗಿಲ್ಲ. ಮೊದಲು ಓದು ಮುಗಿಸ್ಲಿ, ಆಮ್ಯಾಲೆ ಮದುವಿ ಅಕ್ಕಿಕಾಳು."

ಹುಡುಗ ಅಲ್ಲಿವರೆಗೆ ಕಾಯುತ್ತಾನೆಯೇ? ನನಗೇನು ಗೊತ್ತು.

ಕಳೆದ ತಿಂಗಳು, ಎಂ.ಎಸ್ಸಿ. ಸೇರಿದ ಭಾಗ್ಯಳನ್ನು ಹಾಸ್ಟೆಲಿಗೆ ಬಿಟ್ಟು ಬರಲು ಅಣ್ಣ ಅವಳ ಟ್ರಂಕು ಹೊತ್ತು ಕಲಬುರಗಿ ಬಸ್ಸು ಹತ್ತಿದ.