ಕಂಡದ್ದಷ್ಟೇ ಸಾಕ್ಷಿ

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ತಗಲಿತು. ನೋವಿರಲಿಲ್ಲ. ಮೂರು ವಾರ ಸುಮ್ಮನಿದ್ದೆ. ಅರಸೀಕೆರೆಯ ಕೋರ್ಟಿನಲ್ಲಿ ನಾನು ಟೈಪಿಸ್ಟ್. ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವುದು ನನ್ನ ಕೆಲಸ, ರಜೆ ಕೇಳುವುದು ನನಗೆ ಬಾರದ ವಿದ್ಯೆ.

ಹಾಸನದಲ್ಲಿ ಬಯಾಪ್ಸಿ ಆಯಿತು.

ಕ್ಯಾನ್ಸರ್.

ಆಪರೇಷನ್, ಆಮೇಲೆ ಆರು ಕೀಮೋ. ಕೂದಲು ಹೋಯಿತು. ಹುಬ್ಬೂ ಹೋಯಿತು. ಬಾಯೆಲ್ಲ ಹುಣ್ಣು. ನನ್ನ ಗಂಡ ಡೇವಿಡ್ ರಾಗಿ ಗಂಜಿ ಆರಿಸಿ ಚಮಚದಲ್ಲಿ ಕುಡಿಸುತ್ತಿದ್ದ. ನಾನು ಅವನ ಮೇಲೆಯೇ ರೇಗುತ್ತಿದ್ದೆ.

ಎರಡನೇ ಕೀಮೋ ಆದ ವಾರ ಮಾದಿಹಳ್ಳಿಯಿಂದ ಅತ್ತೆ, ಡೇವಿಡ್‌ನ ತಾಯಿ, ಬಂದರು. ನನ್ನ ಬೋಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

“ಕರ್ತ ನಿನ್ನ ಕುಲುಮೇಲಿ ಇಕ್ಕವ್ನೆ ಕಣವ್ವ. ಚೊಕ್ಕ ಚಿನ್ನ ಆಗಿ ಬತ್ತೀಯ.”

“ಚಿನ್ನ ಮಾಡು ಅಂತ ನಾನೇನೂ ಅರ್ಜಿ ಹಾಕಿರ್ಲಿಲ್ಲ ಅತ್ತೆ.”

ಅತ್ತೆ ಮುಖ ತಿರುಗಿಸಿದರು. ನಮ್ಮ ಬೈಬಲ್ಲು, ಸತ್ಯವೇದದಲ್ಲಿ ಬೆಂಕಿಯ, ಬಂಗಾರದ ಮಾತು ಬರುತ್ತದೆ, ನಾನೂ ಚಿಕ್ಕಂದಿನಿಂದ ಓದಿದ್ದೇನೆ. ಆದರೆ ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತು, ದೇವರೊಡನೆಯೇ ವ್ಯಾಜ್ಯಕ್ಕೆ ನಿಂತ ಭಕ್ತನೊಬ್ಬನ ಕಥೆಯೂ ಅಲ್ಲೇ ಇದೆಯಲ್ಲ! ಕೊನೆಗೆ ದೇವರು ಸಿಟ್ಟಾದದ್ದು ಅವನ ಮೇಲಲ್ಲ, ದೇವರ ಪರ ವಕಾಲತ್ತು ವಹಿಸಿ ಅವನಿಗೆ ಬುದ್ಧಿ ಹೇಳಲು ಬಂದ ಗೆಳೆಯರ ಮೇಲೆ. ಇದನ್ನು ಯಾರೂ ನನ್ನ ಹಾಸಿಗೆಯ ಪಕ್ಕದಲ್ಲಿ ಓದಲಿಲ್ಲ.

ಚಿಕಿತ್ಸೆ ಮುಗಿಯಿತು. ಡಾಕ್ಟರ್ ಸ್ಕ್ಯಾನ್ ನೋಡಿ, “ಸದ್ಯಕ್ಕೆ ಏನೂ ಕಾಣ್ತಿಲ್ಲ. ಮೂರು ತಿಂಗಳಿಗೆ ಬನ್ನಿ,” ಎಂದರು.

ಗುಣವಾದವರು ಭಾನುವಾರ ಚರ್ಚಿನ ಸಭೆಯಲ್ಲಿ ಎದ್ದು ದೇವರ ಉಪಕಾರ ಹೇಳುವುದು ನಮ್ಮಲ್ಲಿ ರೂಢಿ. ಅದಕ್ಕೂ ಸಾಕ್ಷಿ ಎಂದೇ ಹೆಸರು. ಪಾಸ್ಟರ್ ಕರೆದು, “ಕಾಯಿಲೆ ಕೊಟ್ಟು ಶುದ್ಧಿ ಮಾಡಿದ್ದಕ್ಕೆ ಸ್ತೋತ್ರ ಅಂತ ಶುರು ಮಾಡಿಯಮ್ಮ,” ಎಂದರು.

“ಒಂದು ಮಾತು ತಾನೇ, ಹೇಳಿಬಿಡೇ,” ಎಂದ ಡೇವಿಡ್.

ಹೇಳದಿದ್ದರೆ ಸಭೆಯ ಕಣ್ಣಿನಲ್ಲಿ ನಂಬಿಕೆ ಇಲ್ಲದವಳು. ಹೇಳಿದರೆ ನನಗೆ ಉಳಿದಿದ್ದ ಅಷ್ಟಿಷ್ಟು ನಂಬಿಕೆಯೂ ಸುಳ್ಳಾಗುತ್ತಿತ್ತು. ಹದಿನೆಂಟು ವರ್ಷ ಕಟಕಟೆಯ ಮುಂದೆ ಕೂತು ಟೈಪ್ ಮಾಡಿದವಳು ನಾನು. ಸಾಕ್ಷಿ ಹೇಳುವವರು ಕಂಡದ್ದನ್ನು ಹೇಳಬೇಕು, ಯಾರೋ ಹೇಳಿಕೊಟ್ಟದ್ದನ್ನಲ್ಲ.

ಆ ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ತಲೆಯ ಸ್ಕಾರ್ಫ್ ತೆಗೆದೆ.

“ದೇವರು ನನಗೆ ಬೆಂಕಿ ಇಟ್ಟಿದ್ದನ್ನ ನಾನು ಕಂಡಿಲ್ಲ. ಅದಕ್ಕೆ ಹೇಳಲ್ಲ. ನನ್ನ ಸಿಟ್ಟು ಶುದ್ಧಿ ಆಗಿಲ್ಲ, ಜಾಸ್ತಿ ಆಗಿದೆ. ಬೇಕಾದ್ರೆ ಡೇವಿಡ್‌ನ ಕೇಳಿ. ವಾಂತಿ ಮಾಡ್ಕೋತಾ ದೇವರನ್ನ ಬಾಯಿಗೆ ಬಂದ ಹಾಗೆ ಬೈದೆ. ಆದ್ರೂ ದೇವರು ನನ್ನ ಬಿಟ್ಟು ಎದ್ದು ಹೋಗ್ಲಿಲ್ಲ. ನಾನು ಕಂಡಿದ್ದು ಇಷ್ಟೇ.”

ಯಾರೂ ಆಮೆನ್ ಅನ್ನಲಿಲ್ಲ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅತ್ತೆ ಪಕ್ಕಕ್ಕೆ ಬಂದರು. ಬೈಗುಳಕ್ಕೆ ಸಿದ್ಧಳಾದೆ.

“ನಿಮ್ಮಾವ ಹೋದಾಗ ನಾನೂ ಬೈದಿದ್ದೆ ಕಣವ್ವ,” ಎಂದರು. “ಇಷ್ಟು ವರ್ಸ ಯಾರ್ಗೂ ಯೋಳಿರ್ನಿಲ್ಲ.”

ಅವರ ಕೈ ಹಿಡಿದುಕೊಂಡೆ. ಮುಂದಿನ ಸ್ಕ್ಯಾನ್‌ಗೆ ಅವರೂ ಬರುತ್ತಾರಂತೆ. ನನಗೆ ಹೆದರಿಕೆ ಇದೆ. ಇಲ್ಲ ಎಂದು ಯಾರ ಮುಂದೆಯೂ ಹೇಳುವುದಿಲ್ಲ.