ಮಂಡಕ್ಕಿ ಡಬ್ಬಿಯೊಳಗಿನ ಕಿವಿ

ದಾವಣಗೆರೆ ಮಂಡಿಪೇಟೆಯ ನಾಗಭೂಷಣ್ ಮೊಬೈಲ್ ರಿಪೇರಿಯಲ್ಲಿ ಪಳಗಿದ ಕೈ, ಒಪ್ಪಿಕೊಳ್ಳೋಣ. ಆದರೆ ಬಾಯಿ? ಅದಕ್ಕೆ ಲಂಗುಲಗಾಮಿರಲಿಲ್ಲ. ಫೋನು ನೀರಿಗೆ ಬಿತ್ತೆಂದು ಯಾರೇ ಕರೆ ಮಾಡಲಿ, "ಅಕ್ಕ್ಯಾಗ ಹೂತಿಡ್ರಿ, ಮೂರು ದಿನ ಬಿಟ್ಟು ತರ್ರಿ" ಎಂದು ಕಟ್ ಮಾಡಿಬಿಡುತ್ತಿದ್ದ. ಅಕ್ಕಿಯಿಂದ ಏನೂ ಆಗುವುದಿಲ್ಲ, ತಕ್ಷಣ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆಯಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೇಜಿನ ಮೇಲೆ ಕೆಲಸ ರಾಶಿ ಬಿದ್ದಿರುವಾಗ ಹೊಸಬರನ್ನು ಸಾಗಹಾಕಲು ಇದಕ್ಕಿಂತ ಸುಲಭದ ಮಾತು ಇನ್ನಾವುದಿತ್ತು? ಹತ್ತು ವರ್ಷ ಹೀಗೇ ನಡೆದಿತ್ತು.

ಆ ಗುರುವಾರವೂ ಒಂದು ಮುದಿ ದನಿ, "ಸಾರ್, ಹರಿಹರದಿಂದ್ರಿ. ಮೊಮ್ಮಗಳದು ನೀರಿಗೆ ಬಿದ್ದೈತ್ರಿ…" ಎಂದಿತು.

"ಅಕ್ಕ್ಯಾಗ ಇಡ್ರಿ."

"ಅಕ್ಕಿಗಿಂತ ಮಂಡಕ್ಕಿ ಗರಿಗರಿ ಒಣಗಿರ್ತೈತಲ್ರಿ, ಅದ್ರಾಗ ಇಡ್ಲಾ?"

"ಮಂಡಕ್ಕಿ ಬ್ಯಾಡ ಅಂತ ದಾವಣಗೆರಿಯವ ಅಂದಾನೇನ್ರಿ? ಇಡ್ರಿ!" ನಾಗಭೂಷಣ್ ತನ್ನ ಮಾತಿಗೆ ತಾನೇ ನಕ್ಕು ಫೋನಿಟ್ಟ. ಬಿದ್ದದ್ದು ಏನು ಎಂದು ಕೇಳಲಿಲ್ಲ ಪುಣ್ಯಾತ್ಮ.

ಭಾನುವಾರ ಬೆಳಿಗ್ಗೆ ಹುಸೇನ್ ಸಾಬ್ ಬಂದರು. ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಗಾಡಿ ಇಟ್ಟುಕೊಂಡವರು. ಒಂದು ಕೈಯಲ್ಲಿ ಐದು ವರ್ಷದ ಮೊಮ್ಮಗಳು ನುಜತ್, ಇನ್ನೊಂದರಲ್ಲಿ ಮಂಡಕ್ಕಿ ತುಂಬಿದ ಡಬ್ಬಿ. ನಾಗಭೂಷಣ್ ಫೋನಿಗೆಂದು ಡಬ್ಬಿಯ ತಳದವರೆಗೂ ಕೈಯಾಡಿಸಿದ. ಸಿಕ್ಕಿದ್ದು ಹೆಬ್ಬೆರಳಿನಷ್ಟುದ್ದದ ಒಂದು ವಸ್ತು. ಕಿವಿ ಕೇಳುವ ಮಷೀನು!

ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಒಂದು ಕಿವಿ ಪೂರ್ತಿ ಇಲ್ರಿ ಕೂಸಿಗೆ. ಇನ್ನೊಂದಕ್ಕೆ ಇದೇ ಆಸರೆ," ಎಂದರು ಹುಸೇನ್ ಸಾಬ್. "ಇದು ಬಂದ ಮ್ಯಾಲೆ ಹನ್ನೊಂದು ಮಾತು ಕಲ್ತಿದ್ಲು. ಬಕೆಟ್ಟಿಗೆ ಬಿದ್ದಾಗಿಂದ ಒಂದೂ ಆಡಿಲ್ಲ ನೋಡ್ರಿ. ಸರ್ಕಾರದವ್ರು ಇನ್ನೊಂದು ಕೊಡ್ಬೇಕಂದ್ರ ವರ್ಷ ಕಾಯ್ಬೇಕಂತ."

ನಾಗಭೂಷಣ್ ಮಷೀನು ಬಿಚ್ಚಿದ. ಒಳಗೆ ಸೆಲ್ ಕೂರುವ ಕಡೆಯೆಲ್ಲ ಹಸಿರು ಕಿಲುಬು, ಬಿಳಿ ಪುಡಿ. ಬರೀ ಬಕೆಟ್ ನೀರಿಗೆ ಇಷ್ಟೊಂದೇ? ಏನೋ ಹೊಳೆದು, ಡಬ್ಬಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಉಪ್ಪು! ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಹಾಕಿಯೇ ಹುರಿಯುತ್ತಾರೆ, ಹುಟ್ಟಿದಾಗಿಂದ ತಿಂದದ್ದು ಅದನ್ನೇ, ಒಮ್ಮೆಯಾದರೂ ತಲೆಗೆ ಬಂತೇ? ಒದ್ದೆ ಮಷೀನನ್ನು ಮೂರು ದಿನ ಉಪ್ಪಿನಲ್ಲಿ ಹೂತಿಡಿಸಿದ್ದ ಅವನು. ಹೀಗೆ ಇನ್ನೆಷ್ಟು ಜನರಿಗೆ ಹೇಳಿದ್ದನೋ!

ಸ್ಪಿರಿಟ್ಟಿನಲ್ಲಿ ತೊಳೆದ, ಬ್ರಷ್ಷಿನಿಂದ ತಿಕ್ಕಿದ, ಒಣಗಿಸಿದ. ಹೊಸ ಸೆಲ್ ಹಾಕಿ ಅಂಗೈಯಲ್ಲಿ ಮುಚ್ಚಿ ಹಿಡಿದ. ಸರಿಯಿದ್ದರೆ ಅದು ಸಿಳ್ಳೆ ಹೊಡೆಯಬೇಕು. ಹೊಡೆಯಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ತೊಳೆದ. ಮೂರನೆಯ ಸಲಕ್ಕೆ ಕುಂಯ್ ಎಂದು ಸಣ್ಣಗೆ ಸದ್ದು ಬಂತು.

ಹುಸೇನ್ ಸಾಬ್ ಅದನ್ನು ಕೂಸಿನ ಕಿವಿಗೆ ಹಾಕಿದರು. ನಾಗಭೂಷಣ್ ಮಾತ್ರ ಡಬ್ಬಿಯನ್ನೇ ನೋಡುತ್ತ, ದೆವ್ವ ಹಿಡಿದವನಂತೆ "ಉಪ್ಪು… ಉಪ್ಪು…" ಎಂದು ಗೊಣಗುತ್ತಿದ್ದ.

"ಉಪ್ಪು," ಎಂದಳು ನುಜತ್.

ಹುಸೇನ್ ಸಾಬರ ಕಣ್ಣು ತುಂಬಿ ಬಂತು. "ಹನ್ನೆರಡು! ನಿಮ್ಮ ಮಾತು ಕೇಳಿ ಮಂಡಕ್ಕ್ಯಾಗ ಇಟ್ಟಿದ್ದಕ್ಕೇ ಉಳೀತ್ರಿ ಇದು. ಗಾಡಿಗೆ ಬರೋರಿಗೆಲ್ಲ ಹೇಳ್ತೀನಿ."

"ಬ್ಯಾಡ್ರೀ!" ನಾಗಭೂಷಣ್ ಕಿರುಚಿದ ರಭಸಕ್ಕೆ ಕೂಸು ಬೆಚ್ಚಿಬಿತ್ತು. "ಯಾರಿಗೂ ಹೇಳಬ್ಯಾಡ್ರಿ ಸಾಬ್ರೆ. ಮಂಡಕ್ಕಿ ಉಳಿಸ್ಲಿಲ್ಲ, ಅದ್ರ ಉಪ್ಪೇ ಇದನ್ನ ತಿಂದಿದ್ದು. ನನಗ ಪುರುಸೊತ್ತಿರ್ಲಿಲ್ಲ, ಬಾಯಿಗೆ ಬಂದಿದ್ದು ಹೇಳ್ದೆ."

ಹುಸೇನ್ ಸಾಬ್ ಅವನ ಮುಖವನ್ನೇ ನೋಡುತ್ತ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವರು ಡಬ್ಬಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ನುಜತ್ ಕೈ ಹಿಡಿದು ಹರಿಹರದ ಬಸ್ಸಿಗೆ ನಡೆದರು.