ಹತ್ತು ಪೈಪು, ಮಾವನ ಕಣ್ಣು

ಆಗೆಲ್ಲ ನನಗೆ ಬೇಸಿಗೆ ರಜೆ ಎಂದರೆ ಮಾವ ಊರಿಗೆ ಬರುವ ತಿಂಗಳು. ಮಾವ ಅಮ್ಮನ ಅಣ್ಣ. ಹುಟ್ಟೂರು ಮುತ್ತಿನಕೊಪ್ಪದಲ್ಲಿ ಎರಡು ದಿನ ಇದ್ದು, ಉಳಿದ ರಜೆಯನ್ನು ಕೊಪ್ಪದಲ್ಲಿ ನಮ್ಮ ಮನೆಯಲ್ಲೇ ಕಳೆಯುತ್ತಿದ್ದರು. ದೂರದ ಉತ್ತರದಲ್ಲಿ, ಸೈನ್ಯಕ್ಕೆ ರೈಫಲ್ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಅವರಿಗೆ ಕೆಲಸ.

ನಮ್ಮದು ಪೈಪು, ನಲ್ಲಿ ಮಾರುವ ಅಂಗಡಿ, ಅದರ ಹಿಂದೆಯೇ ಮನೆ. ಅಮ್ಮ ಹಲಸಿನ ಹಪ್ಪಳ ಕರಿದರೆ ಘಮ ಅಂಗಡಿಯವರೆಗೆ ಬರುತ್ತಿತ್ತು. ಅಪ್ಪ ಪೈಪಿನ ತುದಿಗೆ ತಿರುಪಿನ ಥ್ರೆಡ್ ಹಾಕಿದರೆ ಎಣ್ಣೆಯ ಕಮಟು ಅಡುಗೆಮನೆಗೆ ಹೋಗುತ್ತಿತ್ತು. ನಾನು ಐದನೇ ಕ್ಲಾಸು ಮುಗಿಸಿದ್ದೆ. ಎಲ್ಲವನ್ನೂ ಬರೆದಿಡುವ ಚಟ ಆಗಲೇ ಹತ್ತಿತ್ತು. ಕುಂಟೆಬಿಲ್ಲೆಯಲ್ಲಿ ಯಾರು ಎಷ್ಟು ಸಲ ಗೆದ್ದರು, ಅಪ್ಪ ಬೆಳಿಗ್ಗೆ ಎಷ್ಟು ಸಲ ಸೀನಿದರು, ಯಾವುದನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ಮಾವ ಬಂದ ಮೂರನೇ ದಿನ, ಬುಧವಾರ, ಮೊಳದುದ್ದದ ಹತ್ತು ಸ್ಟೀಲ್ ಪೈಪಿನ ತುಂಡು ಕೇಳಿದರು.

"ಎಂತಕ್ಕೆ ಭಾವ? ಇಲ್ಲೇ ಒಂದು ಬ್ರಾಂಚ್ ತೆಗೀತೀರಾ?" ಎಂದರು ಅಪ್ಪ.

"ಕಣ್ಣು ಪರೀಕ್ಷೆಗೆ."

ಮಾವನ ಕೆಲಸ ಏನೆಂದು ನನಗೆ ಸರಿಯಾಗಿ ತಿಳಿದದ್ದು ಅವತ್ತೇ. ಬಂದೂಕಿನ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಒಳಗೆ ನೋಡಬೇಕು. ಕಿಟಕಿಯ ಸರಳಿನ ನೆರಳು ಒಳಗೆ ಗೆರೆಯಾಗಿ ಬೀಳುತ್ತದೆ. ಗೆರೆ ನೆಟ್ಟಗಿದ್ದರೆ ನಳಿಗೆಯೂ ನೆಟ್ಟಗಿದೆ ಎಂದು ಅರ್ಥ. ಗೆರೆ ಎಲ್ಲಿ ಬಳುಕುತ್ತದೋ ಅಲ್ಲಿ ಒತ್ತಿ ಸರಿಮಾಡಬೇಕು. ಇಪ್ಪತ್ತಾರು ವರ್ಷ ಅವರು ಮಾಡಿದ್ದು ಇದನ್ನೇ.

"ಈಗೀಗ ಗೆರೆ ಮಸುಕಾಗ್ತದೆ ಕೂಸೇ. ವಾಪಸು ಹೋದ ಮೇಲೆ ಡಾಕ್ಟರು ಗೋಡೆ ಮೇಲಿನ ಅಕ್ಷರ ಓದಿಸ್ತಾರೆ. ಅದನ್ನ ಹೇಗೂ ಓದ್ತೀನಿ, ಪಾಸೂ ಆಗ್ತೀನಿ. ನಾನು ನಿಜವಾಗಿ ಪಾಸಾ ಅಂತ ಹೋಗೋ ಮೊದಲೇ ನಂಗೆ ಗೊತ್ತಾಗಬೇಕು."

ಅಪ್ಪ ಕೆಲವು ತುಂಡುಗಳನ್ನು ಬಾಗಿಸಿ ಕೊಟ್ಟರು. ನಾನು ಒಂದೊಂದಕ್ಕೂ ನಂಬರಿನ ಚೀಟಿ ಅಂಟಿಸಿ, ಅಂಗಡಿಯ ಗಾಜಿನ ಮೇಲೆ ಉರುಳಿಸಿ, ಸರಾಗ ಉರುಳಿದ್ದು ನೆಟ್ಟಗೆ, ಕುಲುಕಿದ್ದು ಸೊಟ್ಟ ಎಂದು ಬರೆದುಕೊಂಡೆ. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ನಂಬರು ಕಾಣದಂತೆ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಕೊಡುವುದು, ಮಾವ ನೋಡಿ ಹೇಳುವುದು. ಅವರ ಉತ್ತರ ಎಷ್ಟು ಸರಿ ಎಂದು ಪುಸ್ತಕಕ್ಕೆ ಸೇರಿಸಿ, ಅವರಿಗೆ ಓದಿ ಹೇಳುವುದು ನನ್ನ ಕೆಲಸ.

ಮೊದಲ ದಿನ ಹತ್ತಕ್ಕೆ ಹತ್ತು.

"ಇದೆಂತ ಮಾರಾಯ, ಬಾಳೆಕಾಯಿ ಹಾಗೆ ಬಗ್ಗಿಸಿದೀಯ. ಕುರುಡನಿಗೂ ಕಾಣ್ತದೆ," ಎಂದು ಮಾವ ಅಪ್ಪನನ್ನು ಬೈದರು.

ಮರುದಿನದಿಂದ ಅಪ್ಪ ಹೊಸ ತುಂಡುಗಳನ್ನು ಕೂದಲೆಳೆಯಷ್ಟೇ ಬಾಗಿಸತೊಡಗಿದರು. ಗುರುವಾರ ಎಂಟು. ಶುಕ್ರವಾರ ಏಳು. ಸೋಮವಾರ ಐದು. ಅವತ್ತು ಮಾವ ಊಟಕ್ಕೆ ಕೂತವರು ತಮಗಿಷ್ಟದ ನೀರ್ಗೊಜ್ಜನ್ನೂ ಮುಟ್ಟದೆ ಅರ್ಧಕ್ಕೇ ಎದ್ದರು. "ಅಣ್ಣ, ಉಪ್ಪು ಜಾಸ್ತಿ ಆಯ್ತಾ?" ಎಂದು ಅಮ್ಮ ಮೂರು ಸಲ ಕೇಳಿದಳು.

ಮಂಗಳವಾರವೂ ಐದೇ ಬಂತು. ನಾನು ಎಂಟು ಎಂದು ಬರೆದೆ.

ಬುಧವಾರ ಎಂಟು ಬರೆದೆ. ಗುರುವಾರ ಒಂಬತ್ತು. ಮಾವನ ಮುಖ ಬದಲಾಯಿತು. ಹಲಸಿನ ಹಣ್ಣಿನ ಕಡುಬು ಆರು ತಿಂದರು. ಶೃಂಗೇರಿಗೆ ಕರೆದುಕೊಂಡು ಹೋಗಿ ಹೊಳೆಯ ಮೀನಿಗೆ ಮಂಡಕ್ಕಿ ಹಾಕಿಸಿದರು. ಕಾರ್ಖಾನೆಯ ಸೂಪರ್‌ವೈಸರಿಗೆ ಫೋನು ಮಾಡಿ ಹಿಂದಿಯಲ್ಲಿ ಏನೋ ಹೇಳಿ ಜೋರಾಗಿ ನಕ್ಕರು. "ಹಳೇ ಜಾಗಕ್ಕೇ ವಾಪಸು," ಎಂದು ಅಮ್ಮನಿಗೆ ಹೇಳಿದರು.

ಸುಳ್ಳು ಬರೆದೆನಾದರೂ ನಿಜವನ್ನು ಎಲ್ಲೂ ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿಟ್ಟಿದ್ದೆ: ಐದು, ನಾಲ್ಕು, ಐದು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಾವ ಟ್ರಂಕು ತುಂಬುತ್ತಿದ್ದರು. ನಾನು ಹಪ್ಪಳದ ಕಟ್ಟು ತಂದು ಕೊಡುತ್ತಾ ಕೇಳಿದೆ, "ಮಾವ, ಒಂದು ಸೊಟ್ಟ ನಳಿಗೆ ತಪ್ಪಿ ಹೋದ್ರೆ ಎಂತ ಆಗ್ತದೆ?"

"ನಾನು ನೋಡಿದ್ದಕ್ಕೆಲ್ಲ ನನ್ನ ಗುರುತು ಒತ್ತಿರ್ತೀನಿ. ಯಾರೋ ಹುಡುಗ ಗಡಿಯಲ್ಲಿ ಅದಕ್ಕೆ ಕೆನ್ನೆ ಇಟ್ಟು ಗುರಿ ಹಿಡೀತಾನೆ. ಗುಂಡು ಆಚೆ ಹೋದ್ರೆ ಅವನು ತನ್ನ ಕೈ ನಡುಗ್ತು ಅಂದ್ಕೊಳ್ತಾನೆ. ನನ್ನ ಕಣ್ಣು ತಪ್ಪಿದ್ದು ಅಂತ ಅವನಿಗೆ ಹ್ಯಾಗೆ ಗೊತ್ತಾಗಬೇಕು?"

ನಾನು ಹೋಗಿ ಪುಸ್ತಕ ತಂದು, ಕೊನೇ ಹಾಳೆ ತೆರೆದು ಅವರ ಕೈಗೆ ಕೊಟ್ಟೆ. ಮಾವ ಪುಸ್ತಕವನ್ನು ದೂರ ಹಿಡಿದರು, ಹತ್ತಿರ ತಂದರು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದರು.

"ಎರಡೆರಡು ಲೆಕ್ಕ ಇಟ್ಟಿದೀಯಲ್ಲ ಮಾರಾಯ್ತಿ," ಎಂದರು ಕೊನೆಗೆ.

"ನೀವು ಊಟ ಬಿಟ್ರಲ್ಲ, ಅದಕ್ಕೆ."

"ಇನ್ನು ಬಿಡೋದಿಲ್ಲ." ಕೊನೇ ಹಾಳೆಯನ್ನು ಮಡಿಸದೆ, ಜೋಪಾನವಾಗಿ ಹರಿದು ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಆಮೇಲೆ ಅಂಗಳಕ್ಕೆ ಹೋಗಿ ಮತ್ತೆ ಸೂಪರ್‌ವೈಸರಿಗೆ ಫೋನು ಮಾಡಿದರು. ಈ ಸಲ ನಗಲಿಲ್ಲ, ಮೆಲ್ಲಗೆ ಮಾತಾಡಿದರು. ಒಳಗೆ ಬಂದು ಅಮ್ಮನಿಗೆ, "ಇನ್ನು ಹೊಸಬರಿಗೆ ಕೆಲಸ ಕಲಿಸೋದು. ನಾನೇ ಕೇಳ್ಕೊಂಡೆ," ಎಂದಷ್ಟೇ ಹೇಳಿದರು. ನನ್ನ ಸುಳ್ಳಿನ ಸುದ್ದಿ ಅಮ್ಮನವರೆಗೆ ಹೋಗಲೇ ಇಲ್ಲ.

ಮುಂದಿನ ವರ್ಷಗಳಲ್ಲಿ ಅವರು ಹದಿಮೂರು ಜನರಿಗೆ ಕಲಿಸಿದರು. ಒಬ್ಬೊಬ್ಬರ ಹೆಸರನ್ನೂ ಫೋನಿನಲ್ಲಿ ಹೇಳಿ ನನ್ನಿಂದ ಬರೆಸುತ್ತಿದ್ದರು. ನಿವೃತ್ತಿಯ ಹೊತ್ತಿಗೆ ನಳಿಗೆ ನೋಡಲು ಯಂತ್ರ ಬಂದಿತ್ತು. ಹೋದ ವರ್ಷ ಮಾವ ತೀರಿಕೊಂಡರು. ಅಪ್ಪ ಈಗ ಮಾರುವುದು ಪ್ಲಾಸ್ಟಿಕ್ ಪೈಪು, ಅಂಗಡಿಯಲ್ಲಿ ಆ ಎಣ್ಣೆಯ ವಾಸನೆ ಇಲ್ಲ. ನಾನು ಈಗಲೂ ದಿನಾ ಬರೆಯುತ್ತೇನೆ. ಸುಳ್ಳು ಬರೆದು ತಾನೇ ಒಪ್ಪಿಕೊಂಡ ಹತ್ತು ವರ್ಷದ ಹುಡುಗಿಯ ಮಾತನ್ನು ಅದೇ ಮಧ್ಯಾಹ್ನ ನಂಬಿ, ಇಪ್ಪತ್ತಾರು ವರ್ಷದ ಜಾಗ ಬಿಟ್ಟುಕೊಟ್ಟವರು ಅವರು. ನನ್ನ ಮಾತಿಗೆ ಅಷ್ಟು ತೂಕ ಕೊಟ್ಟವರು ಆಮೇಲೆ ಇನ್ನೊಬ್ಬರು ಸಿಗಲಿಲ್ಲ.